ವೆಬ್ ಆ್ಯಪ್ ಕಟ್ಟುವವರ ಪ್ರಶ್ನೆಗಳು: ಗಡಿಯಾಚೆಯ ಓದುಗರಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಕರ್ನಾಟಕದ ಗಡಿಯಾಚೆಯ ಕನ್ನಡಿಗರಿಂದ ಬಂದವು. ಕಾಸರಗೋಡು ಕಡೆಯವು ಹೆಚ್ಚು. ಅಕ್ಕಲಕೋಟೆ, ಹೊಸೂರು, ಆದೋನಿ, ತಾಳವಾಡಿ, ಮಡಕಶಿರಾದಿಂದಲೂ ಬಂದಿವೆ. ಯಾವ ಭಾಷೆ, ಯಾವ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟು) ಎಂದು ಶುರುವಾದ ಪ್ರಶ್ನೆಗಳಲ್ಲಿ ಅರ್ಧದಷ್ಟು ಕನ್ನಡ ಅಕ್ಷರದ ಹತ್ತಿರವೇ ಬಂದು ನಿಂತಿವೆ. ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮೂರಿನ ಅಡಿಕೆ ಖರೀದಿ ಕೇಂದ್ರಕ್ಕೆ ಲೆಕ್ಕದ ವೆಬ್ ಆ್ಯಪ್ ಮಾಡಿಕೊಡಬೇಕಾಗಿದೆ. ಕಚೇರಿಯಲ್ಲಿ ಐದು ಜನ ಬಳಸುತ್ತಾರೆ, ಸುಮಾರು ಆರುನೂರು ಸದಸ್ಯರಿದ್ದಾರೆ. ನನಗೆ ಪಿಎಚ್‌ಪಿ ಗೊತ್ತು, ಪೈಥಾನ್ ಸ್ವಲ್ಪ ಬರುತ್ತದೆ. ನೋಡ್, ರಿಯಾಕ್ಟ್ ಬಿಟ್ಟು ಈಗ ಯಾರೂ ಮಾಡುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಯಾವುದು ಸರಿ? (ಬದಿಯಡ್ಕ)

ಉತ್ತರ: ಪಿಎಚ್‌ಪಿ ಗೊತ್ತಿದ್ದರೆ ಅದರ ಫ್ರೇಮ್‌ವರ್ಕ್ ಆದ ಲಾರಾವೆಲ್ ಹಿಡಿಯಿರಿ. ಐದು ಜನ ಬಳಸುವ ಲೆಕ್ಕದ ಆ್ಯಪಿಗೆ ವೇಗ ಒಂದು ಸಮಸ್ಯೆಯೇ ಅಲ್ಲ. ಎರಡು ವರ್ಷ ಬಿಟ್ಟು ನೀವು ಬೇರೆ ಊರಿಗೆ ಹೋದಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಲಾಗಿನ್, ಫಾರಂ ಪರಿಶೀಲನೆ, ಡೇಟಾಬೇಸ್ ಬದಲಾವಣೆಯ ದಾಖಲೆ ಎಲ್ಲವೂ ಲಾರಾವೆಲ್‌ನಲ್ಲೇ ಇವೆ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಅದರ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್ ತೆಗೆದುಕೊಂಡರೆ ಇವಿಷ್ಟನ್ನೂ ಬೇರೆ ಬೇರೆ ಪ್ಯಾಕೇಜುಗಳಿಂದ ನೀವೇ ಹೊಂದಿಸಬೇಕು. ಇನ್ನೊಂದು ವ್ಯತ್ಯಾಸವಿದೆ. ಪಿಎಚ್‌ಪಿಯಲ್ಲಿ ಪ್ರತಿ ರಿಕ್ವೆಸ್ಟೂ ಹೊಸದಾಗಿ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ, ಒಂದು ಪುಟ ಕೆಟ್ಟರೆ ಆ ಪುಟ ಮಾತ್ರ ಕೆಡುತ್ತದೆ. ನೋಡ್ ಒಂದೇ ಪ್ರೊಸೆಸ್ ಆಗಿ ಓಡುತ್ತಿರುತ್ತದೆ. ಅದರ 15ನೇ ಆವೃತ್ತಿಯಿಂದ, ಕೋಡಿನಲ್ಲಿ ಎಲ್ಲೂ ಹಿಡಿಯದೆ ಬಿಟ್ಟ ಪ್ರಾಮಿಸ್ (ಆಮೇಲೆ ಮುಗಿಯುವ ಕೆಲಸ) ದೋಷ ಒಂದೇ ಇದ್ದರೂ ಇಡೀ ಪ್ರೊಸೆಸ್ ಬಿದ್ದುಹೋಗುತ್ತದೆ. ಪೈಥಾನಿನಲ್ಲೇ ಬೆಳೆಯುವ ಆಸೆಯಿದ್ದರೆ ಜಾಂಗೊ ಕೂಡ ಒಳ್ಳೆಯ ಆಯ್ಕೆ. ಅದರ ಜತೆಗೇ ಬರುವ ಅಡ್ಮಿನ್ ಪುಟದಲ್ಲಿ ಸದಸ್ಯರ ಪಟ್ಟಿ ಒಂದೇ ಸಂಜೆಯಲ್ಲಿ ತಯಾರಾಗುತ್ತದೆ.

ಭಾಷೆ ಯಾವುದೇ ಇರಲಿ, ಹಣದ ಲೆಕ್ಕದಲ್ಲಿ ಜಾಗ್ರತೆ ಬೇಕು. 37.450 ಕಿಲೋ ಅಡಿಕೆ, ಕಿಲೋಗೆ 412.50 ರೂಪಾಯಿ ಎಂದುಕೊಳ್ಳಿ. ಗುಣಿಸಿದರೆ 15,448.125 ರೂಪಾಯಿ. ಇದನ್ನು ಎರಡು ದಶಮಾಂಶಕ್ಕೆ ತಂದಾಗ ಪಿಎಚ್‌ಪಿಯ ರೌಂಡ್ 15,448.13 ಕೊಡುತ್ತದೆ, ಪೈಥಾನಿನ ರೌಂಡ್ 15,448.12 ಕೊಡುತ್ತದೆ. ಪೈಥಾನ್ ತಪ್ಪು ಮಾಡಿದ್ದಲ್ಲ. ಸರಿಯಾಗಿ ಅರ್ಧಕ್ಕೆ ಬಂದರೆ ಹತ್ತಿರದ ಸಮಸಂಖ್ಯೆಗೆ ತರುವುದು ಅದರ ನಿಯಮ. ಕಾಗದದ ಬಿಲ್ಲಿಗೂ ಪರದೆಯ ಮೊತ್ತಕ್ಕೂ ಒಂದು ಪೈಸೆ ತಾಳೆಯಾಗದಿದ್ದರೆ ಜನ ಇಡೀ ಲೆಕ್ಕವನ್ನೇ ಅನುಮಾನಿಸುತ್ತಾರೆ. ಆದ್ದರಿಂದ ಮೊತ್ತವನ್ನು ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಆಗಿ ಇಡಬೇಡಿ. ಡೇಟಾಬೇಸಿನಲ್ಲಿ ಡೆಸಿಮಲ್ 12,2 (ಒಟ್ಟು 12 ಅಂಕಿ, ಅದರಲ್ಲಿ 2 ದಶಮಾಂಶ) ಕಾಲಂ ಇಡಿ, ಇಲ್ಲವೇ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ತೂಕವನ್ನು ಗ್ರಾಂನಲ್ಲಿ ಇಡಿ. ರೌಂಡ್ ಮಾಡುವ ಹಂತ ಒಂದೇ ಇರಲಿ, ನಿಯಮ ಕೇಂದ್ರದವರು ಕೈಯಲ್ಲಿ ಬರೆಯುವಾಗ ಪಾಲಿಸುವುದೇ ಆಗಿರಲಿ. ಆ ದಿನದ ದರವನ್ನು ಖರೀದಿಯ ಸಾಲಿನಲ್ಲೇ ಬರೆದಿಡಿ. ದರದ ಟೇಬಲಿಗೆ ಕೊಂಡಿ ಮಾತ್ರ ಹಾಕಿದರೆ, ನಾಳೆ ಯಾರಾದರೂ ದರ ತಿದ್ದಿದಾಗ ಕಳೆದ ವರ್ಷದ ಬಿಲ್ಲುಗಳೂ ಬದಲಾಗುತ್ತವೆ.

ಶೇರ್ಡ್ ಹೋಸ್ಟಿಂಗಿಗೆ (ಹಲವರು ಹಂಚಿಕೊಳ್ಳುವ ಬಾಡಿಗೆ ಸರ್ವರ್) ಏರಿಸುವಾಗ ಲಾರಾವೆಲ್‌ನ ಇಡೀ ಫೋಲ್ಡರನ್ನು ಹೊರಜಗತ್ತಿಗೆ ಕಾಣುವ ಜಾಗದಲ್ಲಿ ಸುರಿಯಬೇಡಿ. ‘ಪಬ್ಲಿಕ್’ ಎಂಬ ಒಳಫೋಲ್ಡರ್ ಮಾತ್ರ ಡೊಮೇನಿಗೆ ತೆರೆದಿರಬೇಕು. ಇಲ್ಲವಾದರೆ ಡಾಟ್ ಇಎನ್‌ವಿ (.env) ಎಂಬ ಸೆಟ್ಟಿಂಗ್ ಫೈಲನ್ನು ಯಾರು ಬೇಕಾದರೂ ಬ್ರೌಸರಿನಲ್ಲಿ ತೆರೆದು ಡೇಟಾಬೇಸ್ ಪಾಸ್‌ವರ್ಡ್ ಓದಬಹುದು. ಏರಿಸಿದ ಕೂಡಲೇ ಸೈಟಿನ ವಿಳಾಸದ ಕೊನೆಗೆ ಆ ಫೈಲಿನ ಹೆಸರು ಬರೆದು ನೋಡಿ, 404 (ಸಿಗಲಿಲ್ಲ) ಅಥವಾ 403 (ಅನುಮತಿಯಿಲ್ಲ) ಬರಬೇಕು.

ಪ್ರಶ್ನೆ: ಊರಿನ ಗ್ರಂಥಾಲಯಕ್ಕೆ ಜಾಂಗೊ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸಿ ಪುಸ್ತಕಪಟ್ಟಿ ಮಾಡಿದ್ದೇನೆ. ಎರಡು ತೊಂದರೆಗಳಿವೆ. ‘ಕಾಸರಗೋಡು’ ಎಂದು ಹುಡುಕಿದರೆ ಕೆಲವು ಪುಸ್ತಕಗಳು ಬರುತ್ತವೆ, ಕಣ್ಣಿಗೆ ಅದೇ ಅಕ್ಷರ ಇರುವ ಬೇರೆ ಕೆಲವು ಬರುವುದಿಲ್ಲ. ಪುಟದ ವಿಳಾಸದಲ್ಲಿ ‘ಕಾಸರಗೋಡು’ ಎಂಬುದು ‘ಕಸರಗಡ’ ಆಗಿಬಿಟ್ಟಿದೆ. (ಕುಂಬಳೆ)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲು ಹುಡುಕಾಟದ ವಿಷಯ.

‘ಗೋ’ ಅಕ್ಷರದ ಓಕಾರವನ್ನು ಯುನಿಕೋಡಿನಲ್ಲಿ (ಪ್ರತಿ ಅಕ್ಷರ, ಚಿಹ್ನೆಗೆ ಒಂದು ಸಂಖ್ಯೆ ಕೊಡುವ ಪದ್ಧತಿ, ಆ ಸಂಖ್ಯೆಯನ್ನೇ ಇಲ್ಲಿ ಸಂಕೇತ ಎಂದಿದ್ದೇವೆ) ಎರಡು ರೀತಿ ಬರೆಯಬಹುದು. ಓಕಾರಕ್ಕೆಂದೇ ಇರುವ ಒಂದು ಸಂಕೇತ ಬಳಸಬಹುದು, ಅಥವಾ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರನ್ನು ಸಾಲಾಗಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಒಳಗೆ ಮಾತ್ರ ಮೊದಲನೆಯ ‘ಕಾಸರಗೋಡು’ 8 ಸಂಕೇತ, 24 ಬೈಟ್. ಎರಡನೆಯದು 10 ಸಂಕೇತ, 30 ಬೈಟ್. ಪೋಸ್ಟ್‌ಗ್ರೆಸ್ ಬೈಟುಗಳನ್ನು ಹೋಲಿಸುವುದರಿಂದ ಅದರ ಮಟ್ಟಿಗೆ ಇವು ಎರಡು ಬೇರೆ ಪದಗಳು. ಕನ್ನಡದಲ್ಲಿ ಹೀಗೆ ಒಡೆಯಬಹುದಾದ ಸ್ವರಚಿಹ್ನೆಗಳು ಐದು: ಈಕಾರ, ಏಕಾರ, ಐಕಾರ, ಒಕಾರ, ಓಕಾರ. ಯುನಿಕೋಡಿಗೆ ಮುಂಚಿನ ಹಳೆಯ ಆಸ್ಕಿ ಫಾಂಟುಗಳಿಂದ ಪರಿವರ್ತಿಸಿದ ಪಟ್ಟಿಗಳಲ್ಲಿ ಒಡೆದ ರೂಪ ಉಳಿದಿರುವ ಸಾಧ್ಯತೆ ಹೆಚ್ಚು. ನಿಮ್ಮ ಪಟ್ಟಿಯ ಒಂದು ಭಾಗ ಹಾಗೆ ಬಂದಿರಬಹುದು, ನೋಡಿ.

ಪರಿಹಾರಕ್ಕೆ ಎನ್‌ಎಫ್‌ಸಿ ಎನ್ನುತ್ತಾರೆ, ಒಡೆದದ್ದನ್ನು ಕೂಡಿಸಿದ ರೂಪಕ್ಕೆ ತರುವುದು. ಪೈಥಾನಿನ ಜತೆಗೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಫಂಕ್ಷನ್ ಇದೆ. ಅದನ್ನು ಎರಡು ಕಡೆ ಹಾಕಬೇಕು: ದಾಖಲೆ ಉಳಿಸುವ ಮುಂಚೆ ಒಮ್ಮೆ, ಓದುಗರು ಹುಡುಕಲು ಟೈಪ್ ಮಾಡಿದ ಪದಕ್ಕೆ ಇನ್ನೊಮ್ಮೆ. ಒಂದೇ ಕಡೆ ಹಾಕಿ ಸುಮ್ಮನಾದರೆ ತೊಂದರೆ ಅರ್ಧ ಹಾಗೇ ಉಳಿಯುತ್ತದೆ. ಈಗಾಗಲೇ ಇರುವ ಸಾಲುಗಳಿಗೆ ಒಂದು ಸಲ ಓಡುವ ಕಮಾಂಡ್ ಬರೆಯಿರಿ: ಬ್ಯಾಕಪ್ ತೆಗೆದುಕೊಳ್ಳಿ, ಸಾವಿರ ಸಾವಿರ ಸಾಲುಗಳಂತೆ ಓದಿ, ಬದಲಾದವನ್ನು ಮಾತ್ರ ಬರೆಯಿರಿ, ಎಷ್ಟು ಬದಲಾಯಿತು ಎಂದು ಕೊನೆಗೆ ಮುದ್ರಿಸಿ. (ಪಿಎಚ್‌ಪಿ ಬಳಸುವವರಿಗೆ ಇದೇ ಕೆಲಸಕ್ಕೆ ಇಂಟ್ಲ್ ಎಕ್ಸ್‌ಟೆನ್ಷನ್ನಿನ ನಾರ್ಮಲೈಸರ್ ಇದೆ, ಜಾವಾಸ್ಕ್ರಿಪ್ಟಿನಲ್ಲಿ ಪ್ರತಿ ಸ್ಟ್ರಿಂಗಿಗೂ ನಾರ್ಮಲೈಸ್ ಇದೆ.)

ಇಷ್ಟಾದ ಮೇಲೂ ‘ಸಾಫ್ಟ್‌ವೇರ್’ ಸಿಗದೆ ಹೋಗಬಹುದು. ಅಲ್ಲಿ ‘ಟ್’ ಆದ ಮೇಲೆ ‘ವೇ’ ಒತ್ತಾಗಿ ಕೆಳಗೆ ಇಳಿಯಬಾರದೆಂದು ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಎನ್‌ಎಫ್‌ಸಿ ಅದನ್ನು ಮುಟ್ಟುವುದೂ ಇಲ್ಲ. ಹಾಗೆಂದು ಶೀರ್ಷಿಕೆಯಿಂದಲೇ ಅದನ್ನು ಕಿತ್ತುಹಾಕಬೇಡಿ, ಓದುವ ರೂಪ ಕೆಡುತ್ತದೆ. ಶೀರ್ಷಿಕೆಯ ಪಕ್ಕದಲ್ಲಿ ‘ಹುಡುಕುಪಠ್ಯ’ ಎಂದು ಇನ್ನೊಂದು ಕಾಲಂ ಮಾಡಿ. ಎನ್‌ಎಫ್‌ಸಿ ಮಾಡಿ, ಜಾಯ್ನರ್ (ಅಕ್ಷರ ಕೂಡಿಸುವ, ಕಣ್ಣಿಗೆ ಕಾಣದ ಜೋಡಿ ಸಂಕೇತ) ಮತ್ತು ನಾನ್ ಜಾಯ್ನರ್ ಎರಡನ್ನೂ ತೆಗೆದ ಪಠ್ಯ ಅಲ್ಲಿರಲಿ. ಹುಡುಕಾಟ ಅದರಲ್ಲೇ ನಡೆಯಲಿ.

ಇನ್ನು ‘ಕಸರಗಡ’. ಹೆಸರಿನಿಂದ ಸ್ಲಗ್ (ಪುಟದ ವಿಳಾಸದ ತುಂಡು) ಮಾಡುವ ಜಾಂಗೊದ ಸ್ಲಗಿಫೈ ಫಂಕ್ಷನ್ ಮಾಮೂಲಿನಂತೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುತ್ತದೆ. ಯುನಿಕೋಡ್ ಇರಲಿ ಎಂದು ನೀವು ಅನುಮತಿ ಕೊಟ್ಟಿದ್ದೀರಿ. ಆಗ ಅದು ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಷನ್ನನ್ನು (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ‘ಇದು ಪದದ ಅಕ್ಷರವೇ?’ ಎಂದು ಕೇಳುತ್ತದೆ. ವ್ಯಂಜನ ಅಕ್ಷರ ಹೌದು, ಸ್ವರಚಿಹ್ನೆ ಮತ್ತು ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ) ಅಲ್ಲ, ಎಂದು ಪೈಥಾನಿನ ಉತ್ತರ. ಕಾಗುಣಿತವೆಲ್ಲ ಉದುರಿ ‘ಕ, ಸ, ರ, ಗ, ಡ’ ಉಳಿಯುತ್ತವೆ. ‘ಕೂಡಲು’, ‘ಕಾಡಿಲ’ ಎರಡೂ ‘ಕಡಲ’ ಆಗುತ್ತವೆ! ಸ್ಲಗ್ ಒಂದೇ ಇರಬೇಕೆಂಬ ನಿಯಮ ಹಾಕಿದ್ದರೆ ಎರಡನೆಯದನ್ನು ಉಳಿಸಲು ಹೋದಾಗ ದೋಷ ಬರುತ್ತದೆ.

ಸ್ವಂತ ಸ್ಲಗ್ ಫಂಕ್ಷನ್ ಬರೆಯಬಹುದು: ಪ್ರತಿ ಸಂಕೇತದ ಯುನಿಕೋಡ್ ವರ್ಗ ನೋಡಿ, ಅಕ್ಷರ, ಚಿಹ್ನೆ, ಅಂಕಿ ಈ ಮೂರನ್ನು ಇಟ್ಟುಕೊಂಡು ಉಳಿದ ಕಡೆ ಅಡ್ಡಗೆರೆ ಹಾಕುವುದು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಜಾಂಗೊದ ಸ್ಲಗ್‌ಫೀಲ್ಡ್ ಪರಿಶೀಲನೆಯೂ ಅದೇ ಹಳೆಯ ಪ್ರಶ್ನೆ ಕೇಳಿ ಕಾಗುಣಿತವನ್ನು ತಿರಸ್ಕರಿಸುತ್ತದೆ, ಅದಕ್ಕೆ ಬದಲು ಸಾದಾ ಪಠ್ಯದ ಚಾರ್‌ಫೀಲ್ಡ್ ಇಡಬೇಕು. ಯುಆರ್‌ಎಲ್ ಪಟ್ಟಿಯಲ್ಲಿ ‘ಸ್ಲಗ್’ ಎಂದು ಬರೆದದ್ದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಮಾತ್ರ ಒಪ್ಪುವುದರಿಂದ ಅಲ್ಲಿ ‘ಸ್ಟ್ರಿಂಗ್’ ಎಂದು ಬದಲಿಸಬೇಕು. ಮೇಲಾಗಿ ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಗುರುತಿನ 9 ಅಕ್ಷರವಾಗುತ್ತದೆ. ‘ಕಾಸರಗೋಡು’ ಒಂದಕ್ಕೇ 72. ವಾಟ್ಸ್ಆ್ಯಪಿನಲ್ಲಿ ಅಂಟಿಸಿದರೆ ಅದನ್ನು ಯಾರೂ ಓದಲಾರರು. ನಮ್ಮ ಸಲಹೆ: ವಿಳಾಸದಲ್ಲಿ ಪುಸ್ತಕದ ಸಂಖ್ಯೆ ಇರಲಿ, ದಾಖಲೆ ಹುಡುಕುವುದು ಆ ಸಂಖ್ಯೆಯಿಂದಲೇ ಆಗಲಿ. ಹೆಸರು ಪುಟದ ಮೇಲೆ ಅಚ್ಚುಕಟ್ಟಾಗಿ ಕನ್ನಡದಲ್ಲಿರಲಿ.

ಪ್ರಶ್ನೆ: ತುಳು ಪದಗಳ ಸೈಟಿನಲ್ಲಿ ಕನ್ನಡ ಲಿಪಿಯ ಜತೆ ತುಳು ಲಿಪಿಯನ್ನೂ ಸೇರಿಸಲು ಹೊರಟಿದ್ದೇವೆ. ಕನ್ನಡ ಸರಿಯಾಗಿ ಉಳಿಯುತ್ತದೆ, ತುಳು ಲಿಪಿ ಹಾಕಿದರೆ ಮೈಎಸ್‌ಕ್ಯುಎಲ್ ಡೇಟಾಬೇಸ್ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಎನ್ನುತ್ತದೆ. (ಮಂಜೇಶ್ವರ)

ಉತ್ತರ: ತುಳು-ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದು 2024ರಲ್ಲಿ, 16.0 ಆವೃತ್ತಿಯಲ್ಲಿ. ಅದರ ಜಾಗ ಮೊದಲ 65,536 ಸಂಕೇತಗಳ ಆಚೆ. ಹೀಗಾಗಿ ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಸಾಕು, ತುಳುವಿನದಕ್ಕೆ 4 ಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಬಹುಕಾಲ ‘ಯುಟಿಎಫ್8’ ಎಂದು ಕರೆದದ್ದು 3 ಬೈಟಿನ ಮಿತಿಯದು. ಪೂರ್ತಿಯಾದದ್ದು ‘ಯುಟಿಎಫ್8ಎಂಬಿ4’, 8.0 ಆವೃತ್ತಿಯಿಂದ ಅದೇ ಮಾಮೂಲು. ಇಮೋಜಿ ಹಾಕಿದಾಗಲೂ ಇದೇ ದೋಷ ಬರುತ್ತಿತ್ತು.

ಬದಲಾವಣೆ ಮೂರು ಕಡೆ ಆಗಬೇಕು: ಡೇಟಾಬೇಸಿನ ಮಾಮೂಲು ಅಕ್ಷರಗಣ, ಈಗಾಗಲೇ ಇರುವ ಟೇಬಲ್ ಮತ್ತು ಕಾಲಂಗಳು, ಆ್ಯಪಿನಿಂದ ಡೇಟಾಬೇಸಿಗೆ ಹೋಗುವ ಕನೆಕ್ಷನ್. ಸಾಮಾನ್ಯವಾಗಿ ಮರೆಯುವುದು ಮೂರನೆಯದನ್ನು. ಕನೆಕ್ಷನ್ ಕನ್ನಡವಿಲ್ಲದ ಹಳೆಯ ಲ್ಯಾಟಿನ್1 ಅಕ್ಷರಗಣದಲ್ಲಿದ್ದರೆ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದುಬಿಡಬಹುದು, ಹಾಗಾದವನ್ನು ಮತ್ತೆ ಕನ್ನಡ ಮಾಡಲು ದಾರಿಯಿಲ್ಲ. ಟೇಬಲ್ ಬದಲಿಸುವಾಗ ‘ಕೀ ಉದ್ದವಾಯಿತು, ಗರಿಷ್ಠ 767 ಬೈಟ್’ ಎಂಬ ದೋಷ ಬಂದರೆ ನಿಮ್ಮದು ಹಳೆಯ ಆವೃತ್ತಿ. 255 ಅಕ್ಷರದ ಕಾಲಂ 3 ಬೈಟಿನ ಲೆಕ್ಕದಲ್ಲಿ 765 ಬೈಟ್, ಹೇಗೋ ಹಿಡಿಯುತ್ತಿತ್ತು. 4 ಬೈಟಿನ ಲೆಕ್ಕದಲ್ಲಿ 1,020. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇರುವ ಕಾಲಮನ್ನು 191 ಅಕ್ಷರಕ್ಕೆ ಇಳಿಸಿ, ಸಾಧ್ಯವಾದರೆ ಮೈಎಸ್‌ಕ್ಯುಎಲ್ಲನ್ನೇ ಹೊಸದು ಮಾಡಿ.

ಜಾವಾಸ್ಕ್ರಿಪ್ಟ್ ಈ ಲಿಪಿಯ ಪ್ರತಿ ಸಂಕೇತವನ್ನೂ ಎರಡೆಂದು ಎಣಿಸುತ್ತದೆ. ‘ಮೊದಲ 20 ಅಕ್ಷರ ತೋರಿಸು’ ಎಂದು ಕತ್ತರಿಸುವ ಕಡೆ ಅಕ್ಷರ ನಡುವೆಯೇ ಒಡೆಯಬಹುದು. ಓದುಗರ ಫೋನಿನಲ್ಲಿ ಈ ಲಿಪಿಯ ಫಾಂಟ್ ಇರುತ್ತದೆಂದು ನಂಬಬೇಡಿ, ವೆಬ್‌ಫಾಂಟನ್ನು ಸೈಟಿನ ಜತೆಯಲ್ಲೇ ಕಳಿಸಿ. ಅದು ಮೂಡುವವರೆಗೆ ಕಾಣಲೆಂದು ಕನ್ನಡ ಲಿಪಿಯ ರೂಪವನ್ನು ಪಕ್ಕದಲ್ಲೇ ಇಡಿ. ಒಳ್ಳೆಯ ಕೆಲಸ, ಕೈಬಿಡಬೇಡಿ.

ಪ್ರಶ್ನೆ: ಸೊಲ್ಲಾಪುರದ ಒಂದು ಕ್ಲಾಸಿನಲ್ಲಿ ಮೂರು ತಿಂಗಳು ಆ್ಯಂಗ್ಯುಲರ್‌ಜೆಎಸ್ ಫ್ರೇಮ್‌ವರ್ಕ್ ಕಲಿತೆ. ಸಂದರ್ಶನಕ್ಕೆ ಹೋದರೆ ಅದು ಹಳೆಯದು ಎಂದರು. ಫೀ ಹಣವೆಲ್ಲ ಹಾಳಾಯಿತೇ? (ಅಕ್ಕಲಕೋಟೆ)

ಉತ್ತರ: ಅವರು ಹೇಳಿದ್ದು ನಿಜ. ಆ್ಯಂಗ್ಯುಲರ್‌ಜೆಎಸ್ 2010ರದು, 2021ರ ಕೊನೆಗೆ ಗೂಗಲ್ ಅದರ ಬೆಂಬಲ ನಿಲ್ಲಿಸಿತು. 2016ರಲ್ಲಿ ಬಂದ ಆ್ಯಂಗ್ಯುಲರ್ ಹೆಸರಿನಲ್ಲಿ ಮಾತ್ರ ಅದರ ಮುಂದಿನದು, ಟೈಪ್‌ಸ್ಕ್ರಿಪ್ಟಿನಲ್ಲಿ ಮೊದಲಿಂದ ಬರೆದದ್ದು. ನೀವು ಕಲಿತದ್ದರಲ್ಲಿ ಜಾವಾಸ್ಕ್ರಿಪ್ಟ್ ಉಳಿಯುತ್ತದೆ, ಸರ್ವರಿನಿಂದ ಜೇಸನ್ ರೂಪದ ಡೇಟಾ ತರಿಸಿ ಪರದೆಗೆ ಹಾಕುವ ಅಭ್ಯಾಸವೂ ಉಳಿಯುತ್ತದೆ.

ಮುಂದಿನ ಮೂರು ತಿಂಗಳು ಇನ್ನೊಂದು ಫ್ರೇಮ್‌ವರ್ಕಿಗೆ ನೆಗೆಯಬೇಡಿ. ಎಚ್‌ಟಿಎಂಎಲ್ ಫಾರಂ, ಗೆಟ್ ಮತ್ತು ಪೋಸ್ಟಿನ ವ್ಯತ್ಯಾಸ, ಕುಕಿ, 301, 404, 500ರಂಥ ಸ್ಟೇಟಸ್ ಸಂಖ್ಯೆಗಳು, ಎಸ್‌ಕ್ಯುಎಲ್‌ನಲ್ಲಿ ಜಾಯಿನ್ ಮತ್ತು ಇಂಡೆಕ್ಸ್, ಕೋಡಿನ ಬದಲಾವಣೆ ದಾಖಲಿಸುವ ಗಿಟ್: ಇವಿಷ್ಟು ಗಟ್ಟಿಯಾಗಲಿ. ಆಮೇಲೆ ರಿಯಾಕ್ಟ್ ಆದರೂ ಸರಿ, ವ್ಯೂ ಆದರೂ ಸರಿ. ಇನ್ನು ಮೇಲೆ ಯಾವುದೇ ಕ್ಲಾಸಿಗೆ ಹಣ ಕಟ್ಟುವ ಮುಂಚೆ ಅಲ್ಲಿ ಕಲಿಸುವುದರ ಆವೃತ್ತಿ ಸಂಖ್ಯೆ ಕೇಳಿ, ಅದಕ್ಕೆ ಬೆಂಬಲ ಯಾವಾಗ ಮುಗಿಯುತ್ತದೆಂದು ಅದರದೇ ಅಧಿಕೃತ ಪುಟದಲ್ಲಿ ನೋಡಿ. ಉದಾಹರಣೆಗೆ ಜಾಂಗೊ 5.2 ದೀರ್ಘ ಬೆಂಬಲದ ಆವೃತ್ತಿ, 2028ರ ಏಪ್ರಿಲ್‌ವರೆಗೆ ನಡೆಯುತ್ತದೆ, ಪಿಎಚ್‌ಪಿ 7.4ರ ಕಾಲ 2022ರ ನವೆಂಬರಿನಲ್ಲೇ ಮುಗಿದಿದೆ.

ಪ್ರಶ್ನೆ: 1 ಜಿಬಿ ಮೆಮೊರಿಯ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ನೋಡ್ ಆ್ಯಪ್ ಹಾಕಿದ್ದೇನೆ. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವಾಗ ‘ಕಿಲ್ಡ್’ ಎಂದು ಬಂದು ನಿಲ್ಲುತ್ತದೆ. ಹೇಗೋ ಓಡಿಸಿದರೆ, ಟರ್ಮಿನಲ್ ಮುಚ್ಚಿದ ಮೇಲೆ ಸೈಟಿನಲ್ಲಿ 502 ಬರುತ್ತದೆ. (ಹೊಸೂರು)

ಉತ್ತರ: ‘ಕಿಲ್ಡ್’ ಎಂದರೆ ಮೆಮೊರಿ ಮುಗಿದು ಲಿನಕ್ಸ್ ಕರ್ನಲ್ಲೇ ಆ ಕೆಲಸವನ್ನು ಕೊಂದಿದೆ. ಮೆಮೊರಿಗೆ ನೆರವಾಗಿ ಡಿಸ್ಕಿನಲ್ಲಿ 2 ಜಿಬಿ ಸ್ವಾಪ್ ಫೈಲ್ ಮಾಡಿ, ಅದರ ಅನುಮತಿ 600 (ಮಾಲೀಕರಿಗೆ ಮಾತ್ರ) ಇರಲಿ, ಬೂಟ್ ಆಗುವಾಗ ಓದುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಸಾಲು ಸೇರಿಸಿ. ಸೇರಿಸದಿದ್ದರೆ ರೀಬೂಟ್ ಆದಾಗ ಸ್ವಾಪ್ ಇರುವುದಿಲ್ಲ. ಇದಕ್ಕಿಂತ ಒಳ್ಳೆಯದು, ಫ್ರಂಟ್‌ಎಂಡ್ ಬಿಲ್ಡನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಮುಗಿಸಿ ತಯಾರಾದ ಫೈಲುಗಳನ್ನು ಮಾತ್ರ ಏರಿಸುವುದು.

502 ಬರುವುದು ಆ್ಯಪಿನ ಮುಂದೆ ನಿಂತ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಿಂದ. ತನ್ನ ಹಿಂದೆ ಓಡುವ ಆ್ಯಪ್ ಇಲ್ಲ ಎಂದು ಅದರ ಅರ್ಥ. ಟರ್ಮಿನಲ್ಲಿನಲ್ಲಿ ಶುರುಮಾಡಿದ್ದು ಟರ್ಮಿನಲ್ ಜತೆಗೇ ಸಾಯುತ್ತದೆ. ಲಿನಕ್ಸಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ಓಡಿಸುವ ಸಿಸ್ಟಮ್‌ಡಿಯಲ್ಲಿ ಒಂದು ಸರ್ವಿಸ್ ಫೈಲ್ ಬರೆಯಿರಿ: ರೂಟ್ ಅಲ್ಲದ ಬಳಕೆದಾರ, ಬಿದ್ದರೆ 5 ಸೆಕೆಂಡಿಗೆ ಮತ್ತೆ ಏಳುವಂತೆ, ಬೂಟ್ ಆದಾಗ ತಾನೇ ಶುರುವಾಗುವಂತೆ. ಆ್ಯಪ್ 127.0.0.1ರ (ಅದೇ ಯಂತ್ರದ ಒಳವಿಳಾಸ) 3000 ಪೋರ್ಟಿನಲ್ಲಿ ಮಾತ್ರ ಕೇಳಲಿ, ಹೊರಗಿನವರಿಗೆ ಎಂಜಿನ್‌ಎಕ್ಸ್ ಒಂದೇ ಕಾಣಲಿ. ಆ್ಯಪ್ ಪದೇಪದೇ ಬಿದ್ದು ಏಳುತ್ತಿದ್ದರೆ ಜರ್ನಲ್ ಲಾಗ್ ಓದಿ. ಮತ್ತೆ ಮತ್ತೆ ಎಬ್ಬಿಸುವುದು ರೋಗಕ್ಕೆ ಮದ್ದಲ್ಲ.

ಪ್ರಶ್ನೆ: ಹತ್ತಿ ತೂಕದ ರಸೀದಿಯನ್ನು ಕನ್ನಡ, ತೆಲುಗು ಎರಡರಲ್ಲೂ ಪಿಡಿಎಫ್ ಮಾಡಬೇಕು. ಬ್ರೌಸರಿನಲ್ಲಿ ಚೆನ್ನಾಗಿದೆ, ಪಿಡಿಎಫ್‌ನಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಬರುತ್ತದೆ. ಲಾರಾವೆಲ್, ಡಾಂಪಿಡಿಎಫ್ ಬಳಸಿದ್ದೇನೆ. (ಆದೋನಿ)

ಉತ್ತರ: ಫಾಂಟ್ ಬದಲಿಸಿ ಸಮಯ ಕಳೆಯಬೇಡಿ, ತಪ್ಪು ಫಾಂಟಿನದಲ್ಲ. ‘ಅಣ್ಣ’ ಎಂಬುದರಲ್ಲಿ ಣ, ವಿರಾಮ, ಣ ಎಂದು ಮೂರು ಸಂಕೇತ ಸಾಲಾಗಿವೆ. ಅವನ್ನು ಸೇರಿಸಿ ‘ಣ್ಣ’ ಮಾಡುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಬ್ರೌಸರಿಗೆ ಅದು ಗೊತ್ತು, ಡಾಂಪಿಡಿಎಫ್‌ಗೆ ಗೊತ್ತಿಲ್ಲ. ಸಂಕೇತಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತದೆ. ತೆಲುಗಿಗೂ ಇದೇ ಗತಿ.

ಪಿಎಚ್‌ಪಿಯಲ್ಲೇ ಉಳಿಯಬೇಕಾದರೆ ಎಂಪಿಡಿಎಫ್ ಹಾಕಿ. ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸ್ಯಾನ್ಸ್ ತೆಲುಗು ಫಾಂಟುಗಳನ್ನು ಅದರ ಫಾಂಟ್ ಪಟ್ಟಿಗೆ ಸೇರಿಸಿ, ಎರಡಕ್ಕೂ ‘ಯೂಸ್ ಓಟಿಎಲ್’ ಮೌಲ್ಯ 255 ಕೊಡಿ. ಅದನ್ನು ಕೊಡದಿದ್ದರೆ ಇಲ್ಲಿಯೂ ಒತ್ತು ಪಕ್ಕದಲ್ಲೇ ನಿಲ್ಲುತ್ತದೆ. ಇನ್ನೊಂದು ದಾರಿ ಹೆಡ್‌ಲೆಸ್ ಕ್ರೋಮ್, ಪರದೆಯಿಲ್ಲದೆ ಓಡುವ ಬ್ರೌಸರ್. ಬ್ರೌಸರಿನಲ್ಲಿ ಕಂಡದ್ದೇ ಪಿಡಿಎಫ್ ಆಗುತ್ತದೆ, ಆದರೆ ಮೆಮೊರಿ ಬಹಳ ತಿನ್ನುತ್ತದೆ, ಶೇರ್ಡ್ ಹೋಸ್ಟಿಂಗಿನಲ್ಲಿ ಸಾಮಾನ್ಯವಾಗಿ ಓಡಿಸಲು ಬಿಡುವುದಿಲ್ಲ. ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು ಮೂಡುತ್ತವೆ. ಪೈಥಾನಿನವರಿಗೆ ವೀಸಿಪ್ರಿಂಟ್ ಇದೆ, ಶೇಪಿಂಗ್ ಸರಿಯಾಗಿ ಮಾಡುತ್ತದೆ. ಯಾವುದನ್ನು ಆರಿಸಿದರೂ ‘ಅಕ್ಕ, ಕೃಷ್ಣ, ಸೂರ್ಯ, ರಾಷ್ಟ್ರ’ ಈ ನಾಲ್ಕು ಪದ ಮುದ್ರಿಸಿ ನೋಡಿ. ಒತ್ತು, ವಟ್ರಸುಳಿ, ಅರ್ಕಾವತ್ತು, ಎರಡೊತ್ತು ನಾಲ್ಕೂ ಅದರಲ್ಲಿ ಬರುತ್ತವೆ.

ಪ್ರಶ್ನೆ: ಫಾರಂನಲ್ಲಿ ಕೆಲವು ಹಿರಿಯರು ಮೊಬೈಲ್ ನಂಬರನ್ನು ಕನ್ನಡ ಅಂಕಿಯಲ್ಲಿ ತುಂಬುತ್ತಾರೆ. ಹತ್ತು ಅಂಕಿಯ ಪರಿಶೀಲನೆ ದಾಟಿ ಒಳಗೆ ಬರುತ್ತದೆ, ಎಸ್‌ಎಂಎಸ್ ಮಾತ್ರ ಹೋಗುವುದಿಲ್ಲ. ಪೈಥಾನ್ ಬಳಸಿದ್ದೇನೆ. (ಮಡಕಶಿರಾ)

ಉತ್ತರ: ಪೈಥಾನಿಗೆ ೯ ಕೂಡ ಅಂಕಿಯೇ, ಅದಕ್ಕೇ ದಾಟಿ ಬಂತು. ಉಳಿಸುವ ಮುಂಚೆ ೦ಯಿಂದ ೯ರವರೆಗಿನದನ್ನು 0ಯಿಂದ 9ಕ್ಕೆ ಬದಲಿಸಿ, ಆಮೇಲೆ ಪರಿಶೀಲಿಸಿ. ಹಿರಿಯರನ್ನು ತಿದ್ದಲು ಹೋಗಬೇಡಿ. ಪಿಎಚ್‌ಪಿಯಲ್ಲಿ ಇನ್ನೂ ಜಾಗ್ರತೆ ಬೇಕು: ಅಲ್ಲಿ ‘೧೨’ ಅನ್ನು ಪೂರ್ಣಾಂಕ ಮಾಡಿದರೆ ದೋಷವೇನೂ ತೋರಿಸದೆ 0 ಆಗುತ್ತದೆ.

ಪ್ರಶ್ನೆ: ಬೆಟ್ಟದ ಊರು, ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಮಹಿಳಾ ಸ್ವಸಹಾಯ ಗುಂಪಿನ ಉಳಿತಾಯದ ಆ್ಯಪಿನಲ್ಲಿ ಒಂದೇ ಕಂತು ಎರಡು ಮೂರು ಸಲ ಜಮೆಯಾಗಿರುತ್ತದೆ. ಬಟನ್ ಒತ್ತಿದ ಮೇಲೆ ಅದನ್ನು ಮಂಕು ಮಾಡಿದರೂ ನಿಂತಿಲ್ಲ. (ತಾಳವಾಡಿ)

ಉತ್ತರ: ಬಟನ್ ಮಂಕು ಮಾಡುವುದು ಬೆರಳಿನ ಅವಸರಕ್ಕೆ ಮಾತ್ರ ತಡೆ. ನಿಮ್ಮಲ್ಲಿ ಆಗುತ್ತಿರುವುದು ಬೇರೆ. ಹಣದ ವಿವರ ಸರ್ವರಿಗೆ ಮುಟ್ಟಿ ಜಮೆಯಾಗಿದೆ, ‘ಆಯಿತು’ ಎಂಬ ಉತ್ತರ ಹಿಂದೆ ಬರುವ ದಾರಿಯಲ್ಲಿ ಸಿಗ್ನಲ್ ಹೋಗಿದೆ. ಆಗಿಲ್ಲವೆಂದುಕೊಂಡು ಅವರು ಪುಟ ರೀಫ್ರೆಶ್ ಮಾಡಿ ಮತ್ತೆ ಕಳಿಸುತ್ತಾರೆ. ಸರ್ವರಿನ ಕಣ್ಣಿಗೆ ಅದು ಹೊಸ ಕಂತು.

ಫಾರಂ ತೆರೆದಾಗಲೇ ಒಂದು ಯುಯುಐಡಿ (ಬೇರೆಲ್ಲೂ ಬರದ ಗುರುತು) ಹುಟ್ಟಿಸಿ ಅಡಗಿದ ಫೀಲ್ಡಿನಲ್ಲಿಡಿ. ಕಂತಿನ ಟೇಬಲಿನಲ್ಲಿ ಅದಕ್ಕೊಂದು ಕಾಲಂ ಮಾಡಿ ಯೂನಿಕ್ ನಿಯಮ ಹಾಕಿ. ಅದೇ ಗುರುತು ಎರಡನೇ ಸಲ ಬಂದರೆ ಡೇಟಾಬೇಸೇ ತಡೆಯುತ್ತದೆ. ಆ ದೋಷವನ್ನು ಹಿಡಿದು, ಕೆಂಪು ಅಕ್ಷರ ತೋರಿಸದೆ, ಮೊದಲ ಸಲದ ರಸೀದಿಯನ್ನೇ ತೋರಿಸಿ. ‘ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಸೇರಿಸು’ ಎಂದು ಕೋಡಿನಲ್ಲಿ ಬರೆದರೆ ಸಾಲದು. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದಾಗ ಎರಡಕ್ಕೂ ‘ಇಲ್ಲ’ ಎಂದೇ ಕಾಣುತ್ತದೆ. ಜಮೆಯಾದ ಮೇಲೆ ಪುಟವನ್ನು ಅಲ್ಲೇ ತೋರಿಸದೆ ರಸೀದಿಯ ವಿಳಾಸಕ್ಕೆ 303 ರೀಡೈರೆಕ್ಟ್ (ಬೇರೆ ಪುಟಕ್ಕೆ ಕಳಿಸುವ ಸೂಚನೆ) ಕೊಡಿ, ಆಗ ರೀಫ್ರೆಶ್ ಒತ್ತಿದರೂ ಫಾರಂ ಮತ್ತೆ ಹೋಗುವುದಿಲ್ಲ. ಸಿಗ್ನಲ್ ಹೋಗಿ ಅದೇ ಫಾರಂ ಮತ್ತೆ ಕಳಿಸುವಾಗ ಗುರುತು ಹಳೆಯದೇ ಇರಬೇಕು, ಆದ್ದರಿಂದ ತುಂಬಿದ ವಿವರದ ಜತೆ ಅದನ್ನೂ ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಉಳಿಸಿ, ರಸೀದಿ ಕಂಡ ಮೇಲೆ ಅಳಿಸಿ.

ಈಗಾಗಲೇ ಎರಡೆರಡು ಸಲ ಜಮೆಯಾದದ್ದನ್ನು ಸದಸ್ಯೆ, ಮೊತ್ತ, ದಿನಾಂಕ ಮೂರೂ ಒಂದೇ ಇರುವ ಸಾಲುಗಳೆಂದು ಪಟ್ಟಿ ತೆಗೆಯಬಹುದು. ಆದರೆ ಕೋಡಿನಿಂದ ಅಳಿಸಬೇಡಿ. ಒಂದೇ ದಿನ ಎರಡು ಕಂತು ನಿಜವಾಗಿ ಕಟ್ಟಿದವರೂ ಇರುತ್ತಾರೆ. ಪಟ್ಟಿಯನ್ನು ಮುದ್ರಿಸಿ ಗುಂಪಿನ ಸಭೆಗೆ ಒಯ್ಯಿರಿ, ಅವರ ಪಾಸ್‌ಬುಕ್ಕಿನ ಜತೆ ತಾಳೆ ನೋಡಿ, ತಪ್ಪಾದ ಸಾಲಿಗೆ ವಜಾ ನಮೂದು ಹಾಕಿ.